ಮೂರು ಬ್ಯಾಟರಿ ಹಾಳಾದ ಮೇಲೆ ಕೊಂಡ ನಾಲ್ಕನೆಯದು

ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಅಂತಲೇ ಹೇಳುವುದು. ಅದರೊಳಗೆ ಹಾಕುವುದು ಸೆಲ್ಲು. "ಬ್ಯಾಟರಿ ಹಿಡ್ಕೊಂಡು ಹೋಗೋ, ಕತ್ಲೆ" ಅಂದರೆ ಹೊಸನಗರ, ಸಾಗರದವರಿಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲೂ ಹಾಗೇ ಬರೆಯುತ್ತೇನೆ. ರೂಢಿ ಬಿಡುವುದು ಕಷ್ಟ.

ನನ್ನದು ಎರಡು ಎಕರೆ ಅಡಿಕೆ ತೋಟ. ಮನೆಯಿಂದ ಕೆಳಗಿಳಿದರೆ ಹಳ್ಳ, ಹಳ್ಳಕ್ಕೊಂದು ಸಂಕ (ಮರದ ಕಾಲುಸೇತುವೆ), ಸಂಕದಾಚೆ ಪಂಪ್‌ಸೆಟ್. ಬೇಸಿಗೆಯಲ್ಲಿ ತ್ರೀ ಫೇಸ್ ಕರೆಂಟು ಬರುವುದು ಹೆಚ್ಚಾಗಿ ರಾತ್ರಿ. ಹನ್ನೊಂದಕ್ಕೋ ಎರಡಕ್ಕೋ ಎದ್ದು ಹೋಗಿ ಸ್ಟಾರ್ಟರ್ ಒತ್ತಬೇಕು, ವಾಲ್ವ್ ತಿರುಗಿಸಬೇಕು. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕತ್ತಲೆಯೇ. ಸುಗ್ಗಿಯಲ್ಲಿ ಅಡಿಕೆ ಸುಲಿಯುವುದು, ಬೇಯಿಸುವುದು ಎಲ್ಲ ರಾತ್ರಿಯವರೆಗೂ ನಡೆಯುತ್ತದೆ. ಮೊಬೈಲಿನ ಲೈಟು ಸಾಕಲ್ವಾ ಅಂತ ಬೆಂಗಳೂರಿನ ನೆಂಟರು ಕೇಳುತ್ತಾರೆ. ಸುರಿಯುವ ಮಳೆಯಲ್ಲಿ, ಒಂದು ಕೈಯಲ್ಲಿ ಕೊಡೆ ಹಿಡಿದು, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ಅಡಿಕೆ ಮರದ ಸಂಕ ದಾಟಿ ನೋಡಿ, ಆಮೇಲೆ ಮಾತಾಡೋಣ.

ಅಪ್ಪಯ್ಯನ ಹತ್ತಿರ ಹಿತ್ತಾಳೆಯ ಎವರೆಡಿ ಜೀವನ್ ಸಾಥಿ ಇತ್ತು. ದೊಡ್ಡ ಸೆಲ್ಲಿನದು. ಸೆಲ್ಲು ಸೋತರೆ ಬಿಸಿಲಿಗೆ ಇಟ್ಟು ಇನ್ನೆರಡು ದಿನ ದೂಡುತ್ತಿದ್ದರು. ಆ ಬಲ್ಬಿನ ಒಂದು ಗುಣ ಈಗ ನೆನಪಾಗುತ್ತದೆ. ಸೆಲ್ಲು ಮುಗಿಯುತ್ತಾ ಬಂದ ಹಾಗೆ ಬೆಳಕು ಹಳದಿಯಾಗಿ, ಕೆಂಪಾಗಿ, ನಿಧಾನಕ್ಕೆ ಸಾಯುತ್ತಿತ್ತು. ಮನೆ ಸೇರುವಷ್ಟು ಹೊತ್ತು ಕೊಡುತ್ತಿತ್ತು. ಕೆಲವು ಎಲ್‌ಇಡಿಗಳು ಕೊನೆಯವರೆಗೂ ಒಂದೇ ಸಮ ಬೆಳಗಿ, ತೋಟದ ನಡುವೆ ಟಪ್ ಅಂತ ಆರಿಹೋಗುತ್ತವೆ.

ಹಿತ್ತಾಳೆಯದು ಮೂಲೆ ಸೇರಿದ ಮೇಲೆ ನಾನು ಮೂರು ಎಲ್‌ಇಡಿ ಬ್ಯಾಟರಿ ಕೊಂಡೆ. ಮೂರೂ ಕೆಟ್ಟವು. ಕೆಟ್ಟ ಕಾರಣ ಮೂರಕ್ಕೂ ಬೇರೆ ಬೇರೆ.

ಮೊದಲನೆಯದು ಹಿಂಬದಿಯಲ್ಲಿ ಎರಡು ಪಿನ್ ಇರುವ, ಗೋಡೆಯ ಪ್ಲಗ್ಗಿಗೆ ನೇರ ಚುಚ್ಚುವ ಪ್ಲಾಸ್ಟಿಕ್ಕಿನದು. ಸಂತೆಯಲ್ಲೂ ಸಿಗುತ್ತದೆ. ಎರಡನೇ ಮಳೆಗಾಲಕ್ಕೆ ಚಾರ್ಜು ಹತ್ತು ನಿಮಿಷವೂ ನಿಲ್ಲದಾಯಿತು. ಬಿಚ್ಚಿ ನೋಡಿದರೆ ಒಳಗೆ ಪುಟ್ಟ ಲೆಡ್ ಆಸಿಡ್ ಸೆಲ್ಲು. ಇದನ್ನು ಖಾಲಿ ಮಾಡಿ ಹಾಗೇ ಬಿಟ್ಟರೆ ಒಳಗಿನ ಸೀಸದ ತಗಡುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ, ಆಮೇಲೆ ಚಾರ್ಜು ಹಿಡಿಯುವುದಿಲ್ಲ. ಬೇಸಿಗೆ ಮುಗಿದ ಮೇಲೆ ನಾಲ್ಕು ತಿಂಗಳು ಕಪಾಟಿನಲ್ಲಿ ಖಾಲಿ ಇಟ್ಟಿದ್ದು ನನ್ನದೇ ತಪ್ಪು. ಆದರೆ ಇನ್ನೊಂದು ಕಂಡಿತು. ಮನೆಯ 230 ವೋಲ್ಟನ್ನು ಇಳಿಸಲು ಅದರಲ್ಲಿ ಟ್ರಾನ್ಸ್‌ಫಾರ್ಮರ್ ಇರಲಿಲ್ಲ, ಬರೀ ಒಂದು ಕೆಪಾಸಿಟರ್. ಅಂದರೆ ಪ್ಲಗ್ಗಿನಲ್ಲಿ ಇರುವಾಗ ಒಳಗಿನ ಯಾವ ತಂತಿ ಮುಟ್ಟಿದರೂ ಶಾಕ್ ಹೊಡೆಯಬಹುದು. ಮೇಲಿನ ಪ್ಲಾಸ್ಟಿಕ್ ಸೀಳಿತ್ತು ಬೇರೆ. ಮನೆಯವಳಿಗೆ ತೋರಿಸಿದೆ. "ಇದನ್ನ ಪ್ಲಗ್ಗಿಗೆ ಹಾಕಿಟ್ಟು ಪಕ್ಕದಲ್ಲೇ ಮಲಗ್ತಿದ್ರಲ್ಲ ನೀವು" ಅಂದಳು.

ಎರಡನೆಯದಕ್ಕೆ ಆನ್‌ಲೈನಿನಲ್ಲಿ ಮರುಳಾದೆ. ಹತ್ತು ಸಾವಿರ ಲುಮೆನ್ ಬೆಳಕು ಅಂತ ಬರೆದಿತ್ತು. ಮೂತಿ ಹಿಂದೆ ಮುಂದೆ ಎಳೆದರೆ ಬೆಳಕು ಚಿಕ್ಕದು ದೊಡ್ಡದು ಆಗುವ ಝೂಮ್ ಬೇರೆ. ಒಳಗಿನದು 18650 ಸೆಲ್ಲು, ಮೇಲೆ 9900 ಎಂಎಎಚ್ ಅಂತ ಅಚ್ಚು, ಅಂದರೆ ಸೆಲ್ಲು ಹಿಡಿಯುವ ಚಾರ್ಜಿನ ಅಳತೆ. 18650 ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಲಿಥಿಯಂ ಸೆಲ್ಲು. ಆ ಅಳತೆಯೊಳಗೆ ಒಳ್ಳೆಯ ಕಂಪನಿಗಳು ತುಂಬಿಸಿರುವುದೇ ಸುಮಾರು 3500. ಇವರಿಗೆ 9900 ಎಲ್ಲಿಂದ ಬಂತು? ಅಡುಗೆಮನೆಯ ತೂಕದ ಯಂತ್ರದಲ್ಲಿಟ್ಟು ನೋಡಿದೆ, 29 ಗ್ರಾಂ. ಅಸಲಿ ಸೆಲ್ಲು 45 ಗ್ರಾಮಿನ ಆಸುಪಾಸು ತೂಗುತ್ತದೆ. ಅಲ್ಲಿಗೆ ಹತ್ತು ಸಾವಿರ ಲುಮೆನ್ನಿನ ಕಥೆಯೂ ಗೊತ್ತಾಯಿತು.

ಆ ಝೂಮ್ ಇನ್ನೊಂದು ತರಲೆ. ಮೂತಿ ಎಳೆದಾಗ ಅದು ಸೈಕಲ್ ಪಂಪಿನ ಹಾಗೆ ಗಾಳಿ ಒಳಗೆಳೆಯುತ್ತದೆ. ಮಳೆಯಲ್ಲಿ ಎಳೆದರೆ ನೀರನ್ನೂ ಎಳೆಯುತ್ತದೆ. ಆಷಾಢದ ಒಂದು ವಾರದಲ್ಲಿ ಗಾಜಿನೊಳಗೆ ಮಂಜು ಕಟ್ಟಿತು. ಅದು ಸಾಲದು ಅಂತ, ಗುಂಡಿ ಒತ್ತಿದರೆ ದೊಡ್ಡ ಬೆಳಕು, ಮತ್ತೆ ಒತ್ತಿದರೆ ಸಣ್ಣದು, ಮತ್ತೊಮ್ಮೆ ಒತ್ತಿದರೆ ಪಟಪಟ ಮಿನುಗುವುದು. ಒಂದು ರಾತ್ರಿ ಸಂಕದ ನಡುವೆ ಬೆರಳು ತಾಗಿ ಮಿನುಗಲು ಶುರುವಾಯಿತು. ಹೆಜ್ಜೆ ಎಲ್ಲಿ, ಮರ ಎಲ್ಲಿ ತಿಳಿಯದೆ ಒಂದು ಕಾಲು ಹಳ್ಳಕ್ಕೆ ಹೋಯಿತು. ನೀರು ಮೊಣಕಾಲಷ್ಟೇ ಇತ್ತು, ಪುಣ್ಯ. ಉಂಬಳ (ಜಿಗಣೆ) ಮಾತ್ರ ನಾಲ್ಕು ಹತ್ತಿದ್ದವು.

ಮೂರನೆಯದು ನಿಜಕ್ಕೂ ಚೆನ್ನಾಗಿತ್ತು. ಪೆನ್ಸಿಲ್ ಸೆಲ್ಲಿನದು. ಅದನ್ನು ಸ್ಕೂಟರಿನ ಡಿಕ್ಕಿಯಲ್ಲಿ ಆಲ್ಕಲೈನ್ ಸೆಲ್ಲು ಸಮೇತ ಆರು ತಿಂಗಳು ಮರೆತೆ. ಸೆಲ್ಲು ಸೋರಿ, ಬಿಳಿ ಹಿಟ್ಟಿನಂಥದ್ದು ಸ್ಪ್ರಿಂಗನ್ನು ತಿಂದುಹಾಕಿತ್ತು. ಆ ಸೋರಿದ್ದು ಕ್ಷಾರ. ಆದ್ದರಿಂದ ಲಿಂಬೆರಸವೋ ವಿನಿಗರೋ ಹಚ್ಚಿ ಒರೆಸಿದರೆ ಹೋಗುತ್ತದೆ, ಬರಿಗೈಯಲ್ಲಿ ಮುಟ್ಟಬಾರದು ಅಷ್ಟೇ. ಬೇಗ ನೋಡಿದ್ದರೆ ಉಳಿಯುತ್ತಿತ್ತು.

ನಾಲ್ಕನೆಯದಕ್ಕೆ ಆತುರ ಮಾಡಲಿಲ್ಲ. ಮೊದಲು ಒಂದು ಕೆಲಸ ಮಾಡಿದೆ. ಅಡುಗೆಮನೆಯ ಕ್ಯಾಲೆಂಡರಿನ ಅಂಚಿನಲ್ಲಿ, ಒಂದು ವಾರ, ಬ್ಯಾಟರಿ ಹಾಕಿದಾಗಲೆಲ್ಲ ಯಾಕೆ ಹಾಕಿದೆ, ಎಷ್ಟು ದೂರ ನೋಡಿದೆ ಅಂತ ಬರೆದಿಟ್ಟೆ. ಒಟ್ಟು 43 ಸಲ. ಅದರಲ್ಲಿ 35 ಸಲ ನೋಡಿದ್ದು ಹತ್ತು ಅಡಿಯೊಳಗೆ! ಕೊಟ್ಟಿಗೆಯ ಚಿಲಕ, ಮೀಟರ್ ಬೋರ್ಡು, ಬಚ್ಚಲ ಒಲೆಯ ಹಿಂದಿನ ಕಟ್ಟಿಗೆ, ಔಷಧಿ ಡಬ್ಬಿಯ ಮೇಲಿನ ಸಣ್ಣ ಅಕ್ಷರ, ಮಂಚದಡಿಯ ಚಪ್ಪಲಿ. ದೂರ ಬಿಟ್ಟಿದ್ದು ಎಂಟೇ ಸಲ. ತೋಟದಲ್ಲಿ ಏನೋ ಸದ್ದಾಯಿತು, ಹಂದಿಯೋ ಕಾಟಿಯೋ (ಕಾಡುಕೋಣ) ಅಂತ. ನಾನು ಇಷ್ಟು ದಿನ ಆ ಎಂಟು ಸಲಕ್ಕಾಗಿ ಬ್ಯಾಟರಿ ಹುಡುಕುತ್ತಿದ್ದೆ.

ಆಮೇಲೆ ಡಬ್ಬಿಯ ಮೇಲೆ ಬರೆಯುವ ಅಂಕಿಗಳನ್ನು ಅರ್ಥ ಮಾಡಿಕೊಂಡೆ. ಲುಮೆನ್ ಅಂದರೆ ಬ್ಯಾಟರಿಯಿಂದ ಹೊರಬೀಳುವ ಒಟ್ಟು ಬೆಳಕು. ಎಷ್ಟು ದೂರ ಹೋಗುತ್ತದೆ ಅನ್ನುವುದು ಕ್ಯಾಂಡೆಲಾದ ಲೆಕ್ಕ, ಅಂದರೆ ಬೆಳಕಿನ ನಡುವಿನ ಕಣ್ಣು ಎಷ್ಟು ಚೂಪು ಅನ್ನುವುದು. ಒಂದೇ ಲುಮೆನ್ನಿನ ಎರಡು ಬ್ಯಾಟರಿಯಲ್ಲಿ ಒಂದು ಅಂಗಳವಿಡೀ ಹರಡಬಹುದು, ಇನ್ನೊಂದು ತೆಂಗಿನ ಮರದ ತುದಿಗೆ ಮುಟ್ಟಬಹುದು. ಒಳ್ಳೆಯ ಕಂಪನಿಯವರು ಎಫ್‌ಎಲ್ 1 ಅನ್ನುವ ಮಾಪನದ ಪ್ರಕಾರ ಬರೆಯುತ್ತಾರೆ. ಅದರಲ್ಲಿ ಬೀಮಿನ ದೂರ 100 ಮೀಟರ್ ಅಂದರೆ, ಅಷ್ಟು ದೂರದಲ್ಲಿ ಬೀಳುವ ಬೆಳಕು ಕಾಲು ಲಕ್ಸ್, ಹೆಚ್ಚುಕಡಿಮೆ ಹುಣ್ಣಿಮೆ ಬೆಳದಿಂಗಳಷ್ಟು. ಅಲ್ಲಿ ಏನೋ ಇದೆ ಅಂತ ಗೊತ್ತಾಗುತ್ತದೆ, ದನವೋ ಕಾಟಿಯೋ ಅಂತ ಹೇಳುವುದು ಕಷ್ಟ. ಹಾಗಾಗಿ ಬರೆದ ದೂರದ ಅರ್ಧ ಮಾತ್ರ ನನ್ನದು ಅಂದುಕೊಳ್ಳುತ್ತೇನೆ. ದೂರ ಎರಡು ಪಟ್ಟು ಬೇಕಿದ್ದರೆ ಕ್ಯಾಂಡೆಲಾ ನಾಲ್ಕು ಪಟ್ಟು ಬೇಕು.

ಉರಿಯುವ ಗಂಟೆಗಳ ಲೆಕ್ಕವೂ ಹೀಗೇ. ಮೊದಲಿನ ಬೆಳಕಿನ ನೂರಕ್ಕೆ ಹತ್ತು ಭಾಗಕ್ಕೆ ಇಳಿಯುವವರೆಗೂ ಅದು ಉರಿಯಿತು ಅಂತಲೇ ಲೆಕ್ಕ. ಸಾವಿರ ಲುಮೆನ್ನಿನ ಸಣ್ಣ ಬ್ಯಾಟರಿ ಅಷ್ಟು ಬೆಳಕು ಕೊಡುವುದು ಒಂದೆರಡು ನಿಮಿಷ. ಕೈಸುಡುವಷ್ಟು ಬಿಸಿಯಾಗುವ ಮೊದಲೇ ತಾನೇ ಇಳಿದುಬಿಡುತ್ತದೆ.

ನನಗೆ ಬೇಕಾದ್ದು ಸಣ್ಣ ಬೆಳಕು. ರಾತ್ರಿ ಎರಡಕ್ಕೆ ಎದ್ದಾಗ ಕಣ್ಣು ಕತ್ತಲಿಗೆ ಹೊಂದಿಕೊಂಡಿರುತ್ತದೆ. ಆಗ ಸುಣ್ಣದ ಗೋಡೆಗೆ ದೊಡ್ಡ ಬೆಳಕು ಬಿಟ್ಟರೆ ಕಣ್ಣು ಮತ್ತೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಅಂಗಳ ದಾಟುವಾಗ ನಾನು ಕುರುಡನೇ. ಮೂರು, ಐದು ಲುಮೆನ್ನಿನ ಮಟ್ಟ ಒಂದಿರಬೇಕು, ಗುಂಡಿ ಒತ್ತಿದರೆ ಮೊದಲು ಅದೇ ಬರಬೇಕು ಅಂತ ನಿಶ್ಚಯ ಮಾಡಿದೆ. ಮಿನುಗುವುದು ಇರಲೇಬಾರದು, ಇದ್ದರೂ ಸುಲಭಕ್ಕೆ ಸಿಗಬಾರದು.

ಬಣ್ಣದ ವಿಚಾರ ಸ್ವಲ್ಪ ಜಾಸ್ತಿ ಹೇಳಬೇಕು. ಅಂಗಡಿಯಲ್ಲಿ ಸಿಗುವ ಹೆಚ್ಚಿನವು 6500 ಕೆಲ್ವಿನ್‌ನ ನೀಲಿ ಬಿಳುಪು. ಕಣ್ಣಿಗೆ ಜೋರು ಕಾಣುತ್ತದೆ. ಆದರೆ ಅದರಲ್ಲಿ ಒಣಗಿದ ಸೋಗೆ, ದರಗು (ಉದುರಿದ ಒಣ ಎಲೆ), ಮಣ್ಣು ಎಲ್ಲ ಒಂದೇ ಬೂದಿ ಬಣ್ಣ. ನಮ್ಮ ತೋಟದಲ್ಲಿ ದರಗಿನ ಮೇಲೆ ಮಲಗಿದ ಕೊಳಕುಮಂಡಲ ದರಗಿನ ಬಣ್ಣದ್ದೇ. 4000, 4500 ಕೆಲ್ವಿನ್‌ನ, ಸಿಆರ್‌ಐ 90 (ಬಣ್ಣ ಎಷ್ಟು ಸಹಜ ಕಾಣುತ್ತದೆ ಅನ್ನುವ ಅಂಕಿ) ದಾಟಿದ ಎಲ್‌ಇಡಿಯಲ್ಲಿ ಕಂದಿಗೂ ಬೂದಿಗೂ ವ್ಯತ್ಯಾಸ ತಿಳಿಯುತ್ತದೆ. ಅಂಗಡಿಯಲ್ಲಿ ನಾನು ಮಾಡಿದ ಪರೀಕ್ಷೆ ಸುಲಭ. ಕಪಾಟಿನ ನೆರಳಿನಲ್ಲಿ ನನ್ನ ಅಂಗೈಗೇ ಬೆಳಕು ಬಿಟ್ಟು ನೋಡಿದೆ. ಅಂಗೈ ಹೆಣದ ಕೈಯ ಹಾಗೆ ಕಂಡರೆ ವಾಪಸ್ಸು. ಜೇಬಿನಲ್ಲಿ ಒಂದು ಹಣ್ಣಡಿಕೆ, ಒಂದು ಹಸಿ ಅಡಿಕೆಯೂ ಇಟ್ಟುಕೊಂಡು ಹೋಗಿದ್ದೆ. ಅಂಗಡಿಯವರು ನಗುತ್ತಾ, "ಅಡಿಕೆ ವ್ಯಾಪಾರಕ್ಕೆ ಬಂದ್ರಾ ಭಟ್ರೇ?" ಅಂದರು.

ಹಾವಿನ ಮಾತು ಬಂದಿದ್ದಕ್ಕೆ ಇದೊಂದು ಸೇರಿಸುತ್ತೇನೆ. ದಾರಿ ನೋಡುವಾಗ ಬ್ಯಾಟರಿಯನ್ನು ಸೊಂಟದ ಕೆಳಗೆ ಹಿಡಿಯಿರಿ. ಬೆಳಕು ಓರೆಯಾಗಿ ಬಿದ್ದು ನೆಲದ ಮೇಲಿನ ಪ್ರತಿ ಕಡ್ಡಿಗೂ ನೆರಳು ಬರುತ್ತದೆ, ಉಬ್ಬು ತಗ್ಗು ತಿಳಿಯುತ್ತದೆ. ಪ್ರಾಣಿ ಹುಡುಕುವುದಾದರೆ ಕಿವಿಯ ಪಕ್ಕ ಹಿಡಿಯಿರಿ. ಆಗ ದನ, ಪುನುಗು, ಜೇಡದ ಕಣ್ಣು ಕೂಡ ಹೊಳೆಯುತ್ತದೆ. ಹಾವಿನ ಕಣ್ಣು ಹಾಗೆ ಹೊಳೆಯುವುದಿಲ್ಲ, ಅದನ್ನು ನಂಬಿ ಕೂರಬೇಡಿ. ತಲೆಗೆ ಕಟ್ಟುವ ಬ್ಯಾಟರಿ ಅಡಿಕೆ ಸುಲಿಯಲು ಬಹಳ ಒಳ್ಳೆಯದು, ಮಂಜಿನಲ್ಲಿ ನಡೆಯಲು ಅಲ್ಲ. ಕಣ್ಣೆದುರೇ ಬಿಳಿ ಪರದೆ ಕಟ್ಟಿದಂತಾಗುತ್ತದೆ.

ಸೆಲ್ಲಿನದೇ ದೊಡ್ಡ ತಲೆಬಿಸಿ. 18650 ಹಾಕಿದರೆ ಬೆಳಕು, ಬಾಳಿಕೆ ಎರಡೂ ಜಾಸ್ತಿ. ಆದರೆ ನಮ್ಮ ಪೇಟೆಯಲ್ಲಿ ಅದರ ಅಸಲಿ ಸೆಲ್ಲು ಸಿಗುವುದಿಲ್ಲ. ಪೆನ್ಸಿಲ್ ಸೆಲ್ಲು ಬೀಡಿ ಅಂಗಡಿಯಲ್ಲೂ ಇದೆ. ಕೊನೆಗೆ ಒಂದೇ ಒಂದು ಪೆನ್ಸಿಲ್ ಸೆಲ್ಲಿನ ಅಲ್ಯೂಮಿನಿಯಂ ಬ್ಯಾಟರಿ ಆರಿಸಿದೆ. ಅದಕ್ಕೆ ರೀಚಾರ್ಜಬಲ್ ನಿಕ್ಕಲ್ ಸೆಲ್ಲು ಹಾಕುತ್ತೇನೆ. ಅದು 1.5 ಅಲ್ಲ, 1.2 ವೋಲ್ಟ್, ಆದರೂ ಒಳ್ಳೆಯ ಬ್ಯಾಟರಿಗೆ ಅದರಿಂದ ತೊಂದರೆಯಿಲ್ಲ. ಆಲ್ಕಲೈನಿನ ಹಾಗೆ ಸೋರುವುದೂ ತೀರಾ ಅಪರೂಪ. ಕರೆಂಟಿಲ್ಲದೆ ಮೂರು ದಿನವಾದರೆ ಗೋಡೆ ಗಡಿಯಾರದ ಸೆಲ್ಲು ಕಿತ್ತು ಹಾಕಬಹುದು. ಹಾಕಿದ್ದೇನೆ ಕೂಡ. ಒಂದು ಎಚ್ಚರ ಬೇಕು: ಪೆನ್ಸಿಲ್ ಸೆಲ್ಲಿನ ಅಳತೆಯದೇ 14500 ಅಂತ ಲಿಥಿಯಂ ಸೆಲ್ಲು ಬರುತ್ತದೆ, 3.7 ವೋಲ್ಟಿನದು. ಡಬ್ಬಿಯ ಮೇಲೆ ಆಗುತ್ತದೆ ಅಂತ ಬರೆದಿಲ್ಲದಿದ್ದರೆ ಹಾಕಬಾರದು, ಸರ್ಕ್ಯೂಟು ಸುಟ್ಟುಹೋಗುತ್ತದೆ. ಗಡಿಯಾರಕ್ಕಂತೂ ಹಾಕಲೇಬೇಡಿ.

ಹೊಸ ಬ್ಯಾಟರಿ ನನ್ನ ಬೆರಳಿನಷ್ಟುದ್ದ ಇದೆ. ಕ್ಲಿಪ್ ಇದೆ, ಅಂಗಿ ಜೇಬಿಗೆ ಸಿಕ್ಕಿಸಿದರೆ ಕೈ ಎರಡೂ ಖಾಲಿ. ಐಪಿಎಕ್ಸ್8, ಅಂದರೆ ಒಂದು ಮೀಟರಿಗಿಂತ ಆಳದ ನೀರಲ್ಲಿ ಬಿದ್ದರೂ ತಡೆಯಬೇಕು. ಐಪಿಎಕ್ಸ್4 ಅಂತಿದ್ದರೆ ನೀರು ಎರಚಿದರಷ್ಟೇ ತಡೆಯುತ್ತದೆ, ನಮ್ಮ ಮಳೆಗೆ ಅದನ್ನು ನಾನು ನಂಬುವುದಿಲ್ಲ. ಹಿಂದಿನ ಮುಚ್ಚಳ ಕಾಲು ಸುತ್ತು ಸಡಿಲ ಮಾಡಿದರೆ ಜೇಬಿನಲ್ಲಿ ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಬೆಲೆ 1,400 ರೂಪಾಯಿ. ಅಪ್ಪಯ್ಯ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, "ಇದೆಂತದ ಮಾರಾಯ, ಬೀಡಿ ಕಟ್ಟಿನಷ್ಟಿಲ್ಲ" ಅಂದರು. ಬೆಲೆ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಎಂಟು ಸಲಕ್ಕೆ ಅಂತ ಮರುವರ್ಷ ಒಂದು 18650ರದ್ದೂ ತಂದೆ. ಅದು ಬಾಗಿಲ ಹಿಂದಿನ ಮೊಳೆಯಲ್ಲೇ ಇರುತ್ತದೆ. ಯುಎಸ್‌ಬಿ ಸಿ ಕಿಂಡಿ ಇದೆ. ಮಗಳ ಹೊಸ ಮೊಬೈಲಿನ ಚಾರ್ಜರಿಗೆ, ಎರಡೂ ತುದಿ ಸಿ ಇರುವ ಕೇಬಲ್ಲಿನಲ್ಲಿ ಹಾಕಿದರೆ ಚಾರ್ಜೇ ಆಗಲಿಲ್ಲ. ಕೆಟ್ಟುಹೋಯಿತು ಅಂತ ವಾಪಸ್ಸು ಕಳಿಸಲು ಹೊರಟಿದ್ದೆ. ಹಳೆಯ ಅಗಲ ಮೂತಿಯ ಕೇಬಲ್ ಹಾಕಿದರೆ ಸರಿಹೋಯಿತು. ಕಿಂಡಿಯ ಹಿಂದೆ ಇರಬೇಕಾದ ಎರಡು ಪುಟ್ಟ ರೆಸಿಸ್ಟರನ್ನು ಕಂಪನಿಯವರು ಹಾಕದೆ ಬಿಟ್ಟರೆ ಹೀಗಾಗುತ್ತದೆ. ಆ ಕೇಬಲ್ಲನ್ನು ಈಗ ಬ್ಯಾಟರಿಗೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟಿದ್ದೇನೆ. ಇನ್ನೂ ಒಂದು, ಬಿಡಿ ಲಿಥಿಯಂ ಸೆಲ್ಲನ್ನು ಬೀಗದ ಕೈ ಇರುವ ಜೇಬಿಗೆ ಹಾಕಬಾರದು. ಎರಡು ತುದಿಗೂ ಲೋಹ ತಾಗಿದರೆ ಜೇಬಿಗೇ ಬೆಂಕಿ.

ಸಣ್ಣದಕ್ಕೆ ಈಗ ನಾಲ್ಕನೇ ವರ್ಷ. ದಿನಾ ಒತ್ತಿ ಒತ್ತಿ ಹಿಂದಿನ ಗುಂಡಿಯ ರಬ್ಬರು ಹೋದ ತಿಂಗಳು ಹರಿಯಿತು. ಪೇಟೆಯಲ್ಲಿ ಆ ಬಿಡಿಭಾಗ ಇಲ್ಲ. ಹಳೆಯ ಸೈಕಲ್ ಟ್ಯೂಬಿನಿಂದ ಎಂಟಾಣೆ ಅಗಲದ ತುಂಡು ಕತ್ತರಿಸಿ ಕೂರಿಸಿ, ಬಕೆಟ್ ನೀರಲ್ಲಿ ಒಂದು ರಾತ್ರಿ ಮುಳುಗಿಸಿಟ್ಟೆ. ಬೆಳಗ್ಗೆ ತೆಗೆದು ಒತ್ತಿದೆ, ಹೊತ್ತಿತು.