ರಿಪೋರ್ಟ್ ಬರುವ ವಾರ: ಕ್ಯಾನ್ಸರ್ ಮತ್ತೆ ಬಂದೀತೆಂಬ ಭಯವನ್ನು ನಿಭಾಯಿಸುವುದು ಹೇಗೆ?

ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ರಿಪೋರ್ಟ್ ವಾಟ್ಸ್ಆ್ಯಪ್‌ಗೆ ಬಂದಿದ್ದು ರಾತ್ರಿ ಒಂಬತ್ತೂವರೆಗೆ. ಕೊನೇ ಸಾಲಿನಲ್ಲಿ 'ಬೈರಾಡ್ಸ್ 2' ಅಂತಿತ್ತು. ನನ್ನ ಪರಿಚಯದವರೊಬ್ಬರು, ಚಿಕಿತ್ಸೆ ಮುಗಿಸಿ ಎರಡು ವರ್ಷ ಆಗಿದ್ದವರು, ಅದನ್ನು ಎರಡನೇ ಸ್ಟೇಜ್ ಅಂದುಕೊಂಡು ಬೆಳಗಿನವರೆಗೂ ಅತ್ತಿದ್ದಾರೆ. ಮಗಳ ಮದುವೆ ಮುಂದಕ್ಕೆ ಹಾಕುವ ಮಾತೂ ಆಗಿದೆ. ಬೈರಾಡ್ಸ್ ಅನ್ನೋದು ಮ್ಯಾಮೊಗ್ರಾಮ್‌ನಲ್ಲಿ ಕಂಡಿದ್ದರ ಮೇಲೆ ಎಷ್ಟು ಅನುಮಾನ ಅಂತ ಹೇಳುವ ಅಂಕಿ. 2 ಅಂದರೆ ಕಂಡಿದ್ದು ಕ್ಯಾನ್ಸರ್ ಅಲ್ಲ, ಅಪಾಯವಿಲ್ಲದ್ದು ಅಂತ. ಸ್ಟೇಜಿಗೂ ಅದಕ್ಕೂ ಸಂಬಂಧವೇ ಇಲ್ಲ. ಇದು ಅವರಿಗೆ ಗೊತ್ತಾಗಿದ್ದು ಮಾರನೇ ದಿನ ಮಧ್ಯಾಹ್ನ.

ನನಗೂ ಬ್ರೆಸ್ಟ್ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದು ಇದು ಏಳನೇ ವರ್ಷ. ಚೆಕಪ್‌ಗೆ ಹೋದಾಗಲೆಲ್ಲ ಓಪಿಡಿ ಬೆಂಚಿನ ಮೇಲೆ ಇಂಥ ಕತೆ ಒಂದಾದರೂ ಕಿವಿಗೆ ಬೀಳುತ್ತದೆ. ಕೀಮೋದಲ್ಲಿ ಕೂದಲು ಉದುರಿದಾಗಲೂ ಜಗ್ಗದವರು ಎಲ್ಲ ಮುಗಿದ ಮೇಲೆ ಕುಸಿಯುತ್ತಾರೆ. ಮೊದಲೇ ಹೇಳಿಬಿಡುತ್ತೇನೆ, ಭಯವನ್ನು ಪೂರ್ತಿ ಓಡಿಸುವ ಉಪಾಯ ನನ್ನ ಹತ್ತಿರ ಇಲ್ಲ. ಅದಕ್ಕೊಂದು ಹೊತ್ತು ಗೊತ್ತು ಮಾಡಿ, ಉಳಿದ ಹೊತ್ತು ಅನ್ನ ಸಾರು ಮಾಡಿಕೊಂಡು ಇರುವುದು ಹೇಗೆ ಅಂತ ಗೊತ್ತು.

ಹಂತ 1: ನಿಮ್ಮದು ಯಾವ ಬಗೆ, ಕೇಳಿ

ಪಕ್ಕದ ಬೀದಿಯವರಿಗೆ ಮೂರನೇ ವರ್ಷ ವಾಪಸ್ ಬಂತು ಅಂದರೆ ನಿಮಗೂ ಬರಬೇಕಿಲ್ಲ. ಬ್ರೆಸ್ಟ್ ಕ್ಯಾನ್ಸರ್‌ನಲ್ಲೇ ನೋಡಿ, ಟ್ರಿಪಲ್ ನೆಗೆಟಿವ್ (ಹಾರ್ಮೋನ್ ಮಾತ್ರೆಗೆ ಬಗ್ಗದ ಒಂದು ಬಗೆ) ಆದರೆ ಮೊದಲ ಎರಡು ಮೂರು ವರ್ಷ ಅಪಾಯ ಜಾಸ್ತಿ, ಆಮೇಲೆ ಇಳಿಯುತ್ತದೆ. ಹಾರ್ಮೋನ್ ಪಾಸಿಟಿವ್ (ಹಾರ್ಮೋನ್‌ನಿಂದ ಬೆಳೆಯುವ ಬಗೆ) ಆದರೆ ಸಣ್ಣ ಅಪಾಯ ತುಂಬಾ ವರ್ಷ ಉಳಿಯುತ್ತದೆ, ಅದಕ್ಕೇ 5ರಿಂದ 10 ವರ್ಷ ಹಾರ್ಮೋನ್ ತಡೆಯುವ ಮಾತ್ರೆ ಕೊಡುವುದು. ಐದು ವರ್ಷ ಕಳೆದರೆ ಪಾಸ್ ಅನ್ನೋ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಮೂರು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋಗಿ: ನನ್ನದು ಯಾವ ಬಗೆ? ವಾಪಸ್ ಬರುವ ಸಾಧ್ಯತೆ ಸುಮಾರು ಎಷ್ಟು? ಯಾವ ಲಕ್ಷಣ ಕಂಡರೆ ಬರಬೇಕು? ಎರಡನೆಯದನ್ನು ಕೇಳಲು ನನಗೆ ಒಂದೂವರೆ ವರ್ಷ ಬೇಕಾಯಿತು. ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಅಂಕಿ ಡಾಕ್ಟರ್ ಹೇಳಿದ್ದರ ಮೂರರಷ್ಟಿತ್ತು.

ಹಂತ 2: ನೋವಿಗೆ ಎರಡು ವಾರ

ಸೊಂಟ ಹಿಡಿದರೆ ಮೂಳೆಗೆ ಬಂತು, ಕೆಮ್ಮಿದರೆ ಶ್ವಾಸಕೋಶಕ್ಕೆ ಬಂತು. ತಲೆನೋವಿನ ಕತೆಯಂತೂ ಕೇಳಲೇಬೇಡಿ. ನೋವು ಶುರುವಾದ ದಿನಕ್ಕೆ ಕ್ಯಾಲೆಂಡರ್‌ನಲ್ಲಿ ಒಂದು ಚುಕ್ಕೆ ಇಡಿ. ಎರಡು ವಾರದಲ್ಲಿ ಇಳಿಯಿತಾ, ಬಿಟ್ಟುಬಿಡಿ. ಹಾಗೇ ಇದ್ದರೆ ಅಥವಾ ಜಾಸ್ತಿಯಾದರೆ ಆಸ್ಪತ್ರೆಗೆ ಫೋನ್ ಮಾಡಿ. ಹೊಸ ಗಂಟು, ಉಸಿರಾಟದ ತೊಂದರೆ, ಕಣ್ಣು ಹಳದಿ, ಕಾಲಲ್ಲಿ ಶಕ್ತಿ ಹೋಗುವುದು, ಫಿಟ್ಸ್, ಇವಕ್ಕೆ ಎರಡು ವಾರದ ಮಾತಿಲ್ಲ, ತಕ್ಷಣ ಹೋಗಿ. ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಅನ್ನುವ ಹಾರ್ಮೋನ್ ತಡೆಯುವ ಮಾತ್ರೆ ತಗೊಳ್ಳುವ ತುಂಬಾ ಜನಕ್ಕೆ ಬೆಳಿಗ್ಗೆ ಎದ್ದಾಗ ಕೈಬೆರಳು, ಮಂಡಿ ಹಿಡಿದುಕೊಳ್ಳುತ್ತದೆ. ಅದು ಮಾತ್ರೆಯ ಕಾಟ. ಹೆದರಿ ಮಾತ್ರೆ ನಿಲ್ಲಿಸಬೇಡಿ. ಡಾಕ್ಟರ್‌ಗೆ ಹೇಳಿದರೆ ಬದಲಿಸಿ ಕೊಡಬಹುದು.

ಗಂಟು ಇದೆಯಾ ಅಂತ ಸ್ತನ ಮುಟ್ಟಿ ನೋಡಿಕೊಳ್ಳುವುದು ತಿಂಗಳಿಗೆ ಒಂದೇ ಸಲ. ನನ್ನದು ಒಂದನೇ ತಾರೀಕು, ಸ್ನಾನದ ಹೊತ್ತು. ದಿನಕ್ಕೆ ಹತ್ತು ಸಲ ಒತ್ತಿದರೆ ಒತ್ತಿದ ಜಾಗವೇ ನೋಯುತ್ತದೆ. ಆಮೇಲೆ ಆ ನೋವಿಗೇ ಹೆದರುತ್ತಾ ಕೂರುತ್ತೀರಿ.

ಹಂತ 3: ಭಯಕ್ಕೆ ಸಂಜೆ ಕಾಲು ಗಂಟೆ

ದಿನವಿಡೀ ಬರುವ ಯೋಚನೆಗೆ 'ಸಂಜೆ ಆರಕ್ಕೆ ಬಾ' ಅನ್ನಿ. ಆರಕ್ಕೆ ನೋಟ್‌ಬುಕ್ ಹಿಡಿದು ಕೂತು ಬರೆಯಿರಿ, ಆರೂ ಕಾಲಿಗೆ ಮುಚ್ಚಿಡಿ. ಮಲಗುವ ಹೊತ್ತಿನಲ್ಲಿ ಮಾತ್ರ ಬೇಡ. ಮೊದಲ ವಾರ ಸುಮ್ನೆ ನಾಟಕ ಅನ್ನಿಸುತ್ತದೆ, ಅನ್ನಿಸಲಿ. ರಾತ್ರಿ ಎರಡಕ್ಕೆ ಎಚ್ಚರವಾದರೆ ಎದ್ದು ಬೇರೆ ಕೋಣೆಗೆ ಹೋಗಿ, ಬೇಕಾದರೆ ಅವರೆಕಾಯಿ ಬಿಡಿಸಿ. ಫೋನ್ ಮುಟ್ಟಬೇಡಿ.

ಹಂತ 4: ರಿಪೋರ್ಟ್ ವಾರ

ಜನ ಎಡವುವುದು ಇಲ್ಲೇ, ಅದಕ್ಕೇ ನಿಧಾನಕ್ಕೆ ಹೇಳುತ್ತೇನೆ.

ಮೊದಲು ದಿನ. ಸ್ಕ್ಯಾನ್ ಮತ್ತು ಡಾಕ್ಟರ್ ಭೇಟಿ ಆದಷ್ಟು ಹತ್ತಿರ ಇರುವಂತೆ ಅಪಾಯಿಂಟ್‌ಮೆಂಟ್ ಕೇಳಿ. ಬುಧವಾರ ಸ್ಕ್ಯಾನ್, ಗುರುವಾರ ಡಾಕ್ಟರ್ ಆದರೆ ಒಳ್ಳೆಯದು. ಶನಿವಾರ ಸ್ಕ್ಯಾನ್ ಮಾಡಿಸಿದರೆ ಭಾನುವಾರ ಪೂರ್ತಿ ಹಾಳು.

ಬಿಲ್ ಕೌಂಟರಿನಲ್ಲಿ ಮೊಬೈಲ್ ನಂಬರ್ ಕೇಳುತ್ತಾರೆ. ನಿಮ್ಮದು ಕೊಡಬೇಡಿ. ನಾನು ತಮ್ಮನ ನಂಬರ್ ಕೊಡುತ್ತೇನೆ. ರಿಪೋರ್ಟ್ ಅವನಿಗೆ ಹೋಗುತ್ತದೆ. ಅವನು ತೆರೆಯದೆ ಪ್ರಿಂಟ್ ತೆಗೆಸಿ, ಕವರಿಗೆ ಹಾಕಿ, ಡಾಕ್ಟರ್ ಕೋಣೆ ಬಾಗಿಲಲ್ಲಿ ಕೊಡುತ್ತಾನೆ. ತೆರೆಯದೆ ಇರ್ತಾನಾ ಅಂತ ನಮ್ಮನೆಯವರು ಕೇಳಿದ್ದರು. ತೆರೆದು ನೋಡಲಿ ಬಿಡಿ, ನನಗೆ ಹೇಳದಿದ್ದರೆ ಸಾಕು.

ಸ್ಕ್ಯಾನ್ ಕೋಣೆಯಲ್ಲಿ ಟೆಕ್ನಿಷಿಯನ್ ಮುಖ ನೋಡಿ ಭವಿಷ್ಯ ಓದಬೇಡಿ. ಇನ್ನೊಂದು ಫೋಟೊ ತೆಗೀಬೇಕು ಅಂದರೆ ಎಷ್ಟೋ ಸಲ ನೀವು ಅಲುಗಾಡಿದಿರಿ ಅಂತ ಅಷ್ಟೇ.

ಇನ್ನು ರಿಪೋರ್ಟಿನ ಭಾಷೆ. ಹೇಗೂ ನೀವು ಓದೇ ಓದುತ್ತೀರಿ, ನನಗೆ ಗೊತ್ತು. ಸ್ಕ್ಯಾನ್ ರಿಪೋರ್ಟಿನಲ್ಲಿ 'ನೆಗೆಟಿವ್' ಅಂದರೆ ಒಳ್ಳೆಯದು. 'ಅನ್‌ರಿಮಾರ್ಕಬಲ್' ಅಂದರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಅದೂ ಒಳ್ಳೆಯದೇ. ಬೈರಾಡ್ಸ್‌ನಲ್ಲಿ 1 ಮತ್ತು 2 ನಿರಾಳ. 3 ಅಂದರೆ ಬಹುತೇಕ ಅಪಾಯವಿಲ್ಲ, ಆರು ತಿಂಗಳಿಗೆ ಮತ್ತೆ ನೋಡೋಣ ಅಂತ. 0 ಅಂದರೆ ಈ ಫೋಟೊ ಸಾಲದು, ಇನ್ನಷ್ಟು ಬೇಕು ಅಂತ. 4, 5 ಬಂದರೆ ಬಯಾಪ್ಸಿ (ಚೂರು ತೆಗೆದು ಮಾಡುವ ಪರೀಕ್ಷೆ) ಕೇಳುತ್ತಾರೆ, ಆಗಲೂ ತೀರ್ಪು ಬಯಾಪ್ಸಿಯದೇ. ಹೊಟ್ಟೆ ಸ್ಕ್ಯಾನಿನಲ್ಲಿ 'ಗ್ರೇಡ್ 1 ಫ್ಯಾಟಿ ಲಿವರ್' ಅಂತ ಬಂದರೆ ಗ್ರೇಡ್ ಅನ್ನೋ ಪದಕ್ಕೇ ಎದೆ ಧಸಕ್ ಅನ್ನುತ್ತದೆ, ಹಿಂದೆ ಬಯಾಪ್ಸಿಯಲ್ಲಿ ನೋಡಿದ ಪದ ಅಲ್ವಾ. ಅದು ಲಿವರಿನಲ್ಲಿ ಸ್ವಲ್ಪ ಕೊಬ್ಬು ಸೇರಿದೆ ಅನ್ನುವುದಷ್ಟೇ. ಪೆಟ್ ಸ್ಕ್ಯಾನಿನಲ್ಲಿ 'ಅಪ್‌ಟೇಕ್' ಅಂದರೆ ಅಲ್ಲಿ ಸಕ್ಕರೆ ಜಾಸ್ತಿ ಖರ್ಚಾಗಿದೆ ಅಂತ. ಕ್ಯಾನ್ಸರ್ ಇದ್ದರೂ ಹಾಗೆ ಹೊಳೆಯುತ್ತದೆ, ಸೋಂಕು ಇದ್ದರೂ ಹೊಳೆಯುತ್ತದೆ, ಟಿಬಿ ಇದ್ದರೂ. 'ಕ್ಲಿನಿಕಲ್ ಕೋರಿಲೇಷನ್' ಅನ್ನುವ ಸಾಲು ಬೆದರಿಕೆ ಅಲ್ಲ. ಫೋಟೊ ನಾನು ನೋಡಿದ್ದೇನೆ, ರೋಗಿಯನ್ನು ನೀವು ನೋಡಿ ಅಂತ ಒಬ್ಬ ಡಾಕ್ಟರ್ ಇನ್ನೊಬ್ಬರಿಗೆ ಬರೆದ ಚೀಟಿ.

ಹಳೆಯ ರಿಪೋರ್ಟ್‌ಗಳ ಫೈಲ್ ತಗೊಂಡೇ ಹೋಗಿ. ಹೊಸದು ಅಂದುಕೊಂಡ ಚುಕ್ಕೆ ಮೂರು ವರ್ಷದ ಹಿಂದೆಯೂ ಅಷ್ಟೇ ಗಾತ್ರ ಇತ್ತು ಅಂತ ಗೊತ್ತಾದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಇಲ್ಲೊಂದು ಸಿಟ್ಟಿನ ಮಾತು. ಹಬ್ಬದ ಆಫರಿನಲ್ಲಿ 'ಕ್ಯಾನ್ಸರ್ ಮಾರ್ಕರ್ ಪ್ಯಾಕೇಜ್' ಅಂತ ಸಿಎ 125, ಸಿಇಎ ಥರದ ರಕ್ತಪರೀಕ್ಷೆ ಮಾರುತ್ತಾರಲ್ಲ, ಡಾಕ್ಟರ್ ಬರೆಯದೆ ಅದನ್ನು ಮಾಡಿಸಬೇಡಿ. ಸಿಎ 125 ಮುಟ್ಟಿನ ಹೊತ್ತಿನಲ್ಲೂ ಏರಬಹುದು, ಸಿಇಎ ಸಿಗರೇಟ್ ಸೇದುವವರಲ್ಲಿ ಏರಿರುತ್ತದೆ. ಬ್ರೆಸ್ಟ್ ಕ್ಯಾನ್ಸರ್ ವಾಸಿಯಾಗಿ ಯಾವ ಲಕ್ಷಣವೂ ಇಲ್ಲದವರಿಗೆ ಮಾರ್ಕರ್, ಪೆಟ್ ಸ್ಕ್ಯಾನ್ ಮಾಮೂಲಾಗಿ ಬೇಕಿಲ್ಲ. ವರ್ಷಕ್ಕೊಂದು ಮ್ಯಾಮೊಗ್ರಾಮ್ ಮತ್ತು ಡಾಕ್ಟರ್ ಕೈಯ ಪರೀಕ್ಷೆ ಬೇಕು. 'ಮತ್ತೆ ಬರದಂತೆ ತಡೆಯುವ' ಪುಡಿ, ಆಲ್ಕಲೈನ್ ನೀರು, ಎಲ್ಲ ದುಡ್ಡು ದಂಡ. ಏಪ್ರಿಕಾಟ್ ಬೀಜವಂತೂ ಹೊಟ್ಟೆಯಲ್ಲಿ ಸಯನೈಡ್ ಆಗುತ್ತದೆ, ಹತ್ತಿರ ಸೇರಿಸಬೇಡಿ. ಏನಾದರೂ ಮಾಡಲೇಬೇಕು ಅನ್ನಿಸಿದರೆ ನಡೆಯಿರಿ. ಕೀಮೋ ಮುಗಿಸಿದ ಕರುಳಿನ ಕ್ಯಾನ್ಸರ್‌ನವರು 889 ಜನರ ಮೇಲೆ ನಡೆದ ಅಧ್ಯಯನ 2025ರಲ್ಲಿ ಬಂತು. ಮೂರು ವರ್ಷ ಕ್ರಮವಾಗಿ ವ್ಯಾಯಾಮ ಮಾಡಿದವರಲ್ಲಿ ಕಾಯಿಲೆ ಮರಳಿದ್ದು ಕಡಿಮೆ. ಯಾವ ಪುಡಿಗೂ ಇಂಥ ಲೆಕ್ಕ ಇಲ್ಲ.

ಹಂತ 5: ಮನೆಯವರಿಗೆ ಒಂದು ವಾಕ್ಯ ಕಲಿಸಿ

'ಏನೂ ಆಗಲ್ಲ ಬಿಡು' ಅಂದರೆ ನಮ್ಮ ಬಾಯಿ ಮುಚ್ಚಿಹೋಗುತ್ತದೆ. ಅದರ ಬದಲು 'ಗುರುವಾರ ನಾನೂ ಬರ್ತೀನಿ' ಅಂದರೆ ಸಾಕು. ನಮ್ಮನೆಯವರಿಗೆ ಇದನ್ನು ನಾನೇ ಹೇಳಿಕೊಟ್ಟಿದ್ದು, ನಾಚಿಕೆ ಏನಿಲ್ಲ.

ಹಂತ 6: ಇದೆಲ್ಲ ಮಾಡಿಯೂ ಆಗದಿದ್ದರೆ

ವಾರಗಟ್ಟಲೆ ನಿದ್ದೆ ಇಲ್ಲ, ಹೆದರಿ ಚೆಕಪ್ಪನ್ನೇ ತಪ್ಪಿಸುತ್ತಿದ್ದೀರಿ ಅಂದರೆ ಆಸ್ಪತ್ರೆಯಲ್ಲಿ ಕೌನ್ಸೆಲರ್ ಅಥವಾ ಮನೋವೈದ್ಯರನ್ನು ಕೇಳಿ. ಹೊರಗೆ ಹೋಗಲು ಮುಜುಗರ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಟ್ಯಾಮಾಕ್ಸಿಫೆನ್ (ಇದೂ ಹಾರ್ಮೋನ್ ತಡೆಯುವ ಮಾತ್ರೆ) ನುಂಗುತ್ತಿದ್ದರೆ ಅದನ್ನು ಮನೋವೈದ್ಯರಿಗೆ ಹೇಳಲೇಬೇಕು. ಖಿನ್ನತೆ, ಆತಂಕಕ್ಕೆ ಕೊಡುವ ಪ್ಯಾರಾಕ್ಸಿಟಿನ್, ಫ್ಲುಆಕ್ಸಿಟಿನ್‌ನಂಥ ಕೆಲವು ಮಾತ್ರೆಗಳು ಅದರ ಕೆಲಸಕ್ಕೆ ಅಡ್ಡ ಬರುತ್ತವೆ. ಬೇರೆ ಮಾತ್ರೆಗಳಿವೆ, ಅವನ್ನು ಕೊಡುತ್ತಾರೆ.

ರಿಪೋರ್ಟ್ ಸರಿಯಿದೆ ಅಂದ ದಿನ ಮುಂದಿನ ಚೆಕಪ್ ತಾರೀಕನ್ನು ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಬರೆಯಬೇಡಿ, ದಿನಾ ಕಣ್ಣಿಗೆ ಬೀಳುತ್ತದೆ. ಅದನ್ನು ತಮ್ಮನ ಫೋನಿಗೆ ಹಾಕಿಸಿ, ನಾಲ್ಕು ದಿನ ಮುಂಚೆ ನೆನಪಿಸಲಿ. ನಾವು ಆವತ್ತು ಆಸ್ಪತ್ರೆಯಿಂದ ಸೀದಾ ಮಸಾಲೆ ದೋಸೆಗೆ ಹೋಗುತ್ತೇವೆ. ಫೈಲ್ ಕಾರಿನಲ್ಲೇ ಇರುತ್ತದೆ.