ಐವತ್ತು ದಾಟಿ ಓಟ ಶುರುಮಾಡುವವರಿಗೆ

ಈ ವಯಸ್ಸಿನಲ್ಲಿ ಓಡಲು ಹೊರಟವರನ್ನು ಹೆಚ್ಚಾಗಿ ಕೆಡಿಸುವುದು ಉಸಿರಲ್ಲ, ಅವಸರ. ಕೆಲವೇ ವಾರಗಳಲ್ಲಿ ಏದುಸಿರು ಕಡಿಮೆಯಾಗಿ ಹುರುಪು ಬರುತ್ತದೆ. ಆದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳು ಹದಕ್ಕೆ ಬರಲು ತಿಂಗಳುಗಳೇ ಬೇಕು. ಮೀನಖಂಡ, ಹಿಮ್ಮಡಿ ಕೈಕೊಡುವುದು ಈ ನಡುವಿನ ಹೊತ್ತಿನಲ್ಲೇ. ನನಗೂ ಐದನೇ ವಾರಕ್ಕೆ ಹಿಡಿದುಕೊಂಡಿತ್ತು, ಬುದ್ಧಿ ಹೇಳಿದವರ ಮಾತು ಕೇಳದೆ!

ಮೊದಲು 30 ನಿಮಿಷ ಬಿರುಸಾಗಿ ನಡೆಯುವುದು ಸಲೀಸಾಗಲಿ. ಆಮೇಲೆ 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ ಏಳೆಂಟು ಸುತ್ತು. ವಾರಕ್ಕೆ 3 ದಿನ ಸಾಕು, ಮಧ್ಯೆ ಒಂದೊಂದು ದಿನ ಬಿಡುವು. ವೇಗ ಎಷ್ಟಿರಬೇಕು ಅಂತ ಕೇಳಬೇಡಿ: ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು. ಯಾರಾದರೂ ನಡೆದುಕೊಂಡೇ ನಿಮ್ಮನ್ನು ದಾಟಿ ಹೋದರೂ ಪರವಾಗಿಲ್ಲ. ಹೆಜ್ಜೆ ಚಿಕ್ಕದಾಗಿರಲಿ, ಮಂಡಿಗೆ ಭಾರ ತಗ್ಗುತ್ತದೆ.

ಬಿಡುವಿನ ದಿನ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ, ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ. ಶೂ ಬೆರಳ ತುದಿಗೆ ಒತ್ತಬಾರದು.

ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದರೆ ವೈದ್ಯರನ್ನು ಕೇಳಿಯೇ ಶುರುಮಾಡಿ. ಓಡುವಾಗ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ, ತಡಮಾಡದೆ ವೈದ್ಯರಿಗೆ ತೋರಿಸಿ.