ತುಮಕೂರಿನಿಂದ ಒಂದು ದಿನದ ಬೆಂಗಳೂರು: ಮಕ್ಕಳನ್ನು ಕರೆದೊಯ್ಯಲು ನಾನು ಹಾಕಿಕೊಂಡಿರುವ ಕ್ರಮ

ಬೆಂಗಳೂರು ತೋರಿಸಲು ಹೊರಡುವ ಮೇಷ್ಟ್ರುಗಳು ಪಟ್ಟಿಯನ್ನು ಉದ್ದ ಮಾಡಿಕೊಳ್ಳುತ್ತಾರೆ. ಅರಮನೆ, ತಾರಾಲಯ, ಟಿಪ್ಪು ಬೇಸಿಗೆ ಅರಮನೆ, ಇಸ್ಕಾನ್ ಎಲ್ಲವೂ ಬೇಕು. ಅರ್ಧ ದಿನ ಟ್ರಾಫಿಕ್ಕಿನಲ್ಲೇ ಹೋಗುತ್ತದೆ. ಹೈಸ್ಕೂಲ್ ಮಕ್ಕಳಿಗೆ ವಿಧಾನಸೌಧ, ಕಸ್ತೂರಬಾ ರಸ್ತೆಯ ಎರಡು ಮ್ಯೂಸಿಯಂ, ಸಂಜೆಗೆ ಲಾಲ್‌ಬಾಗ್ ಸಾಕು. ಇವಕ್ಕೆಲ್ಲ ಮೆಟ್ರೊ ಮತ್ತು ಕಾಲ್ನಡಿಗೆ ಸಾಲುತ್ತದೆ.

ಸೋಮವಾರ ಬೇಡವೇ ಬೇಡ. ಸರ್ಕಾರಿ ವಸ್ತುಸಂಗ್ರಹಾಲಯ, ವೆಂಕಟಪ್ಪ ಚಿತ್ರಶಾಲೆ, ತಾರಾಲಯ ಎಲ್ಲಕ್ಕೂ ಅಂದು ರಜೆ. ವಸ್ತುಸಂಗ್ರಹಾಲಯ ದುರಸ್ತಿಗೆಂದು ಮುಚ್ಚಿರುವುದೂ ಉಂಟು, ಹಿಂದಿನ ದಿನ ಫೋನ್ ಮಾಡಿ ಕೇಳಿಕೊಳ್ಳಿ.

ಬೆಳಿಗ್ಗೆ ರೈಲೇ ವಾಸಿ. ಹೆದ್ದಾರಿಯಲ್ಲಿ ಬೆಂಗಳೂರಿನ ಅಂಚಿನ ಎಂಟನೇ ಮೈಲಿ ದಾಟಿದ ಮೇಲೆ ಬಸ್ಸು ಯಾವಾಗ ಮೆಜೆಸ್ಟಿಕ್ ಮುಟ್ಟುತ್ತದೆಂದು ಯಾರೂ ಹೇಳಲಾರರು. ಬಸ್ಸಿನಲ್ಲೇ ಹೋಗುವುದಾದರೆ ಮಾದಾವರದಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೊ ಹಿಡಿಯಿರಿ. ಅಲ್ಲಿ ನಿಲ್ಲಿಸುತ್ತಾರೋ ಇಲ್ಲವೋ ಎಂದು ಹತ್ತುವಾಗಲೇ ಕಂಡಕ್ಟರನ್ನು ಕೇಳಬೇಕು, ತಡೆರಹಿತ ಬಸ್ಸಾದರೆ ಮುಂದಕ್ಕೆ ಹೋಗಿಬಿಡುತ್ತದೆ. ಭಾನುವಾರ ಮೆಟ್ರೊ ಶುರುವಾಗುವುದೇ ಏಳಕ್ಕೆ.

ಮೆಟ್ರೊಗೆ ಟೋಕನ್ ತೆಗೆದುಕೊಳ್ಳುವುದಾದರೆ ತಲೆಗೊಂದು ಬೇಕು, ಒಂದೇ ಕಾರ್ಡ್ ಉಜ್ಜಿ ಎಲ್ಲರನ್ನೂ ಒಳಗೆ ಬಿಡಿಸಲಾಗದು. ಟೋಕನ್ ಕಳೆದುಕೊಂಡ ಹುಡುಗ ಹೊರಗೆ ಬರುವ ಗೇಟಿನಲ್ಲಿ ಸಿಕ್ಕಿಕೊಳ್ಳುತ್ತಾನೆ. ಅದಕ್ಕೇ ರೈಲಿನಲ್ಲಿ ಟೋಕನ್‌ಗಳನ್ನು ಒಬ್ಬರು ಇಟ್ಟುಕೊಂಡು, ಇಳಿದ ಮೇಲೆ ಹಂಚಿ. ಗೇಟು ದಾಟುವಾಗ ಒಬ್ಬ ಮೇಷ್ಟ್ರು ಎಲ್ಲರಿಗಿಂತ ಮೊದಲು, ಇನ್ನೊಬ್ಬರು ಎಲ್ಲರಿಗಿಂತ ಕೊನೆಗೆ.

ಮೆಜೆಸ್ಟಿಕ್ಕಿನಿಂದ ನೇರಳೆ ಮಾರ್ಗದಲ್ಲಿ ಎರಡನೇ ನಿಲ್ದಾಣ ವಿಧಾನಸೌಧ. ಇದನ್ನು ಸಂಜೆಗೆ ಇಟ್ಟುಕೊಳ್ಳುವವರೇ ಹೆಚ್ಚು, ಆದರೆ ಕಟ್ಟಡದ ಮುಖ ಪೂರ್ವಕ್ಕಿದೆ. ಬೆಳಿಗ್ಗೆ ಒಂಬತ್ತಕ್ಕೆ ಬಿಸಿಲು ನೇರ ಮೆಟ್ಟಿಲ ಮೇಲೆ, ಕಂಬಗಳ ಮೇಲೆ ಬಿದ್ದಿರುತ್ತದೆ; ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಬರಹ ಓದಲು ಬರುತ್ತದೆ. ಸಂಜೆ ಸೂರ್ಯ ಹಿಂದಿರುತ್ತಾನೆ, ಫೋಟೊದಲ್ಲಿ ಕಟ್ಟಡ ಕಪ್ಪಾಗುತ್ತದೆ. 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದ್ದು, ಕೆಂಗಲ್ ಹನುಮಂತಯ್ಯನವರು ಹಿಂದೆ ನಿಂತು ಕಟ್ಟಿಸಿದ್ದು, 1956ರಲ್ಲಿ ಮುಗಿದದ್ದು, ಇಷ್ಟನ್ನು ಬೇಲಿಯ ಹೊರಗೇ ನಿಂತು ಹೇಳಿ ಮುಗಿಸಿ.

ಎದುರಿನ ಹೈಕೋರ್ಟಿನ ಪಕ್ಕದಿಂದ ಕಬ್ಬನ್ ಪಾರ್ಕ್ ಹೊಕ್ಕು, ಕೇಂದ್ರ ಗ್ರಂಥಾಲಯದ ಮಗ್ಗುಲಲ್ಲಿ ಹಾದರೆ ಕಸ್ತೂರಬಾ ರಸ್ತೆ. ನಿಧಾನಕ್ಕೆ ನಡೆದರೂ ಇಪ್ಪತ್ತು ನಿಮಿಷ.

ಕಲ್ಲು ಮೊದಲು, ಯಂತ್ರ ಆಮೇಲೆ. ಊಟವಾದ ಮೇಲೆ ಶಾಸನ ತೋರಿಸಿದರೆ ಮಕ್ಕಳು ಆಕಳಿಸುತ್ತಾರೆ, ಯಂತ್ರ ತೋರಿಸಿದರೆ ಎದ್ದು ಕೂರುತ್ತಾರೆ. 1865ರಲ್ಲಿ ಶುರುವಾದ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಿಸುವುದು ಆತಕೂರಿನ ಕಲ್ಲಿನ ಮುಂದೆ. ಮಂಡ್ಯ ಸೀಮೆಯದು, ಕ್ರಿ.ಶ. 949–50ರದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಸತ್ತ ಮೇಲೆ, ಗೆದ್ದ ಕಡೆಯ ಗಂಗ ದೊರೆ ಬೂತುಗ ತನ್ನ ಬಂಟ ಮಣಲೇರನನ್ನು ಏನು ಬೇಕು ಕೇಳು ಎಂದ. ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಂದರ ಮೇಲೆ ಬಿದ್ದು ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿಯನ್ನೂ ಬಿಟ್ಟರು. ಊರ ಮುಂದಿನ ವೀರಗಲ್ಲಿಗೆ ಬೆನ್ನು ಕೊಟ್ಟು ಕೂರುವ ಮಕ್ಕಳು ಈ ಕಥೆ ಕೇಳಿದ ಮೇಲೆ ಕಲ್ಲನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಶಾಸನಕ್ಕೆ ಎದುರಾಗಿ ನಿಂತರೆ ಅಕ್ಷರ ಕಾಣುವುದಿಲ್ಲ. ಬೆಳಕು ಓರೆಯಾಗಿ ಬೀಳುವ ಕಡೆ ಹುಡುಕಿ, ಪಕ್ಕಕ್ಕೆ ಸರಿದು, ತುಸು ಬಗ್ಗಿ ನೋಡಿದರೆ ಕೊರೆದ ಗೆರೆಗಳಲ್ಲಿ ನೆರಳು ತುಂಬಿ ಅಕ್ಷರ ಎದ್ದು ಬರುತ್ತದೆ. ಮುಟ್ಟಲು ಬಿಡಬೇಡಿ.

ಅದೇ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ, 1965ರದು. ಹೊರಗೆ ನಿಂತಿರುವ ಮಾರುತ್ ಯುದ್ಧವಿಮಾನ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾದದ್ದು, ಮೊದಲ ಹಾರಾಟ 1961ರಲ್ಲಿ. ಒಳಗೆ ಎಂಜಿನ್ ಹಾಲ್‌ನಲ್ಲಿ ಮಕ್ಕಳು ಗುಂಡಿ ಒತ್ತಿ, ಯಂತ್ರ ತಿರುಗುವ ಮೊದಲೇ ಮುಂದಿನದಕ್ಕೆ ಓಡುತ್ತಾರೆ. ಐದೈದು ಜನರ ಗುಂಪು ಮಾಡಿ, ಒಬ್ಬರೇ ಒತ್ತಬೇಕು, ಅದು ನಿಲ್ಲುವವರೆಗೂ ಯಾರೂ ಕದಲಬಾರದು ಎಂದು ಹೇಳಿಡಿ. ಪಿಸ್ಟನ್ ಮೇಲೆ ಕೆಳಗೆ ಆಡುವುದು ಚಕ್ರದ ತಿರುಗಾಟ ಹೇಗಾಗುತ್ತದೆ ಎಂಬುದೊಂದು ಅರ್ಥವಾದರೂ ಬಂದದ್ದು ಸಾರ್ಥಕ.

ಕಬ್ಬನ್ ಪಾರ್ಕಿನಲ್ಲಾಗಲಿ ಲಾಲ್‌ಬಾಗಿನಲ್ಲಾಗಲಿ ಬುತ್ತಿ ಬಿಚ್ಚಿ ಕೂರಲು ಬಿಡುವುದಿಲ್ಲ. ಊಟ ಮ್ಯೂಸಿಯಂ ಕ್ಯಾಂಟೀನಿನಲ್ಲೋ ಹತ್ತಿರದ ಹೋಟೆಲಿನಲ್ಲೋ ಮುಗಿಸಿ.

ಮೆಜೆಸ್ಟಿಕ್ಕಿನಲ್ಲಿ ಮಾರ್ಗ ಬದಲಿಸಿ ನಾಲ್ಕು ಗಂಟೆಯ ಹೊತ್ತಿಗೆ ಲಾಲ್‌ಬಾಗ್ ಸೇರಿ. 1889ರ ಗಾಜಿನ ಮನೆಯನ್ನು ಎಲ್ಲರೂ ನೋಡುತ್ತಾರೆ, ಬಂಡೆಯ ಮೇಲೆ ಕೆಂಪೇಗೌಡರ ಗೋಪುರದ ಫೋಟೊ ಹೊಡೆದುಕೊಂಡು ಇಳಿಯುತ್ತಾರೆ. ನೋಡಬೇಕಾದ್ದು ಕಾಲ ಕೆಳಗಿನ ಬಂಡೆಯನ್ನು. ಕುಕ್ಕರುಗಾಲಲ್ಲಿ ಕೂತು ನೋಡಿದರೆ ಬಿಳಿ, ಕಪ್ಪು ಪಟ್ಟೆಗಳು ಮಡಿಚಿ ಬಳುಕಿ ಹೋಗಿರುವುದು ಕಾಣುತ್ತದೆ. ನೈಸ್ (gneiss) ಎಂಬ ಈ ಪಟ್ಟೆಪಟ್ಟೆ ಶಿಲೆಗೆ ಸುಮಾರು 300 ಕೋಟಿ ವರ್ಷ. ನಮ್ಮ ಮಧುಗಿರಿಯ ಬೆಟ್ಟ ಸುಮಾರು 250 ಕೋಟಿ ವರ್ಷದ ಗ್ರಾನೈಟ್. ಈ ಪುಟ್ಟ ಬಂಡೆ ಅದಕ್ಕಿಂತ ಹಿರಿಯದು ಎಂದರೆ ಮಧುಗಿರಿ ಕಡೆಯ ಮಕ್ಕಳು ಮೊದಲು ಒಪ್ಪುವುದೇ ಇಲ್ಲ!

ವಾಪಸು ಬರುವಾಗ ಮಾತ್ರ ಮಾದಾವರ ಬೇಡ. ಸಂಜೆ ತುಮಕೂರು ಬಸ್ಸುಗಳು ಮೆಜೆಸ್ಟಿಕ್ಕಿನಲ್ಲೇ ತುಂಬಿ ಬರುತ್ತವೆ, ಗುಂಪಿಗೆ ಸೀಟು ಸಿಗುವುದಿಲ್ಲ. ಲಾಲ್‌ಬಾಗಿನಿಂದ ನಾಲ್ಕನೇ ನಿಲ್ದಾಣವಾದ ಮೆಜೆಸ್ಟಿಕ್ಕಿನಲ್ಲಿ ಇಳಿದು, ಬಸ್ ಹೊರಡುವ ಜಾಗದಲ್ಲೇ ಹತ್ತಿ, ತಲೆ ಎಣಿಸಿದ ಮೇಲೆ ಟಿಕೆಟ್ ತೆಗೆಸಿ.